ಡೆಕ್ ಕೆಳಗಿನ ಜಾಗದ ರೇಟು

ಡೆಕ್ (ಮನೆಗೆ ಅಂಟಿಸಿ ಎತ್ತರಕ್ಕೆ ಕಟ್ಟಿದ ಮರದ ಜಗಲಿ) ಕೆಳಗೆ ಮಳೆನೀರು ಸೋರದ ಹಾಗೆ ಮಾಡಿಸೋಕೆ ಇವತ್ತು ಕೊಟೇಶನ್ ಬಂತು. ಚದರ ಅಡಿಗೆ 20 ಡಾಲರ್. ನಮ್ಮದು 12ಕ್ಕೆ 16 ಅಡಿ, ಅಂದ್ರೆ 3,840 ಡಾಲರ್. ಲೈಟು, ಫ್ಯಾನು ಬೇರೆ.

ಹಲಗೆಗಳ ಮಧ್ಯೆ ಸಂದು ಬಿಡೋದೇ ನೀರು ಇಳೀಲಿ ಅಂತ. ನಿಂತರೆ ಮರ ಕೊಳೆಯುತ್ತೆ. ಈಗ ಆ ಇಳಿದ ನೀರು ಹಿಡಿಯೋಕೆ ಮತ್ತೆ ದುಡ್ಡು!

ಬಂದವನು ಟಾರ್ಚ್ ಬಿಟ್ಟು ಜಂತಿ ತೋರಿಸಿದ. ಡೆಕ್ ಕಟ್ಟುವಾಗಲೇ ಆಗಿದ್ರೆ ಜಂತಿಗಳ ನಡುವೆ ನೀರು ಸೋರದ ಹಾಳೆ ಇಳಿಬಿಟ್ಟು, ಮೇಲೆ ಹಲಗೆ ಹೊಡೆದ್ರೆ ಮುಗೀತಿತ್ತಂತೆ. ಈಗ ಹಲಗೆ ಕೀಳಬೇಕು. ಇಲ್ಲಾ, ಕೆಳಗಿಂದ ಶೀಟ್ ಹೊಡೆದು, ಅಡಿಗೆ ಕಾಲಿಂಚು ಇಳಿಜಾರು ಕೊಟ್ಟು ಗಟರ್‌ಗೆ ಸೇರಿಸಬೇಕು. ಒಳಗೆ ಎಲೆ ಕಟ್ಟಿಕೊಂಡ್ರೆ? ಅದು ನಮ್ಮ ಪಾಡು.

ಫೋನಲ್ಲಿ ಅಮ್ಮಂಗೆ ಹೇಳಿದೆ. "ಅಲ್ಲೋ ಮಾರಾಯ, ಆ ದುಡ್ಡಲ್ಲಿ ನಮ್ಮ ಅಡಿಕೆ ಅಂಗಳಕ್ಕೆಲ್ಲಾ ತಗಡು ಹಾಕಿಸಬಹುದಿತ್ತು!"

ಅಮ್ಮನ ಲೆಕ್ಕ ಸರಿನೇ. ಆದ್ರೆ ಮಗನ ಸೈಕಲ್ಲು, ಹುಲ್ಲು ಕತ್ತರಿಸೋ ಮೆಷಿನ್ನು ಇಡೋಕೆ ಗ್ಯಾರೇಜಲ್ಲಿ ಜಾಗ ಎಲ್ಲಿದೆ? ಬೇರೆ ಶೆಡ್ ಕಟ್ಟಿಸೋಣ ಅಂದ್ರೆ ಅದಕ್ಕೂ ಪರ್ಮಿಷನ್ನು, ಪಂಚಾಯ್ತಿಕೆ.

ಇಲ್ಲಿ ಅಮೆರಿಕದ ರಾಲಿ ಊರ ಕಡೆ ಯಾರಾದ್ರೂ ಮಾಡಿಸಿದ್ರೆ ಹೇಳ್ರಪ್ಪಾ, ಎಷ್ಟಾಯ್ತು?