ಪ್ರಾಧ್ಯಾಪಕರ ಮೂಲಕ ಬರುವ ಬರವಣಿಗೆ ಕೆಲಸ: ಎಲ್ಲಿ ಹುಡುಕುವುದು, ಯಾವುದನ್ನು ಒಪ್ಪುವುದು

ಮಹಾಪ್ರಬಂಧದ ಕರಡು ತಿದ್ದುವುದು, ವಿಚಾರ ಸಂಕಿರಣದ ಪ್ರಬಂಧಗಳನ್ನು ಪುಸ್ತಕವಾಗಿಸುವುದು, ಯೋಜನಾ ವರದಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು, ಶಬ್ದಸೂಚಿ ಸಿದ್ಧಪಡಿಸುವುದು. ನಮ್ಮ ವಿಶ್ವವಿದ್ಯಾಲಯಗಳ ಸುತ್ತ ಇಂಥ ಕೆಲಸ ವರ್ಷವಿಡೀ ಇರುತ್ತದೆ, ಆದರೆ ಜಾಹೀರಾತಿನಲ್ಲಿ ಕಾಣಿಸುವುದು ಅಪರೂಪ. ಒಬ್ಬ ಮೇಷ್ಟ್ರು ಇನ್ನೊಬ್ಬರಿಗೆ ಫೋನ್ ಮಾಡಿ ‘ಚೆನ್ನಾಗಿ ತಿದ್ದೋರು ಯಾರಾದ್ರೂ ಗೊತ್ತಾ ಸರ್?’ ಅನ್ನುತ್ತಾರೆ. ಆ ಗಳಿಗೆಯಲ್ಲಿ ನೆನಪಾದ ಹೆಸರಿಗೆ ಕೆಲಸ ಹೋಗುತ್ತದೆ. ಆ ಹೆಸರು ನಿಮ್ಮದಾಗಬೇಕಾದರೆ ಮುಖಪರಿಚಯ ಸಾಲದು. ನೀವು ತಿದ್ದಿದ ಒಂದು ಪುಟವನ್ನಾದರೂ ಅವರು ನೋಡಿರಬೇಕು.

ಯಾರಿಗೆ ಬರೆಯಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳಲು ಶೋಧಗಂಗಾ ಒಳ್ಳೆಯ ಜಾಗ. ಪಿಎಚ್.ಡಿ. ಮಹಾಪ್ರಬಂಧಗಳನ್ನು ಯಾರು ಬೇಕಾದರೂ ಉಚಿತವಾಗಿ ತೆರೆದು ಓದಬಹುದಾದ ಈ ಭಂಡಾರವನ್ನು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುತ್ತದೆ. ನಿಮ್ಮ ವಿಷಯಕ್ಕೆ ಹತ್ತಿರದ ವಿಭಾಗವೊಂದನ್ನು ಹಿಡಿಯಿರಿ: ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸವೋ, ಮೈಸೂರಿನ ಸಮಾಜಶಾಸ್ತ್ರವೋ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಯಾವುದಾದರೂ ಒಂದು ವಿಭಾಗವೋ. ಕಳೆದ ನಾಲ್ಕೈದು ವರ್ಷಗಳ ಪ್ರಬಂಧಗಳನ್ನು ತೆಗೆದು ಮೂರು ಸಂಗತಿ ಬರೆದಿಟ್ಟುಕೊಳ್ಳಿ. ಮಾರ್ಗದರ್ಶಕರು ಯಾರು, ಪ್ರಬಂಧ ಯಾವ ಭಾಷೆಯಲ್ಲಿದೆ, ಅಡಿಟಿಪ್ಪಣಿಗಳನ್ನು ಯಾವ ಕ್ರಮದಲ್ಲಿ ಕೊಟ್ಟಿದ್ದಾರೆ. ಒಂದೇ ಮಾರ್ಗದರ್ಶಕರ ಹೆಸರು ಮತ್ತೆ ಮತ್ತೆ ಬಂದರೆ ಅವರ ಬಳಿ ಈಗಲೂ ಬರೆಯುತ್ತಿರುವ ವಿದ್ಯಾರ್ಥಿಗಳು ಇರುವ ಸಾಧ್ಯತೆ ಹೆಚ್ಚು. ಆಮೇಲೆ ವಿದ್ವಾನ್ ಎಂಬ ತಜ್ಞರ ಕೋಶದಲ್ಲಿಯೂ ವಿಭಾಗದ ಜಾಲತಾಣದಲ್ಲಿಯೂ ಅವರ ಈಗಿನ ಹುದ್ದೆ ನೋಡಿಕೊಳ್ಳಿ. ವಿಭಾಗದ ಪುಟ ಎಷ್ಟೋ ಕಡೆ ಹಳೆಯದಾಗಿರುತ್ತದೆ, ನಿವೃತ್ತರಾದವರ ಹೆಸರೂ ಅಲ್ಲೇ ಉಳಿದಿರುತ್ತದೆ.

ಪತ್ರ ಚಿಕ್ಕದಿರಲಿ. ‘ಮಾನ್ಯರೇ’ ಎಂದು ಆರಂಭಿಸಿ, ಅವರ ಮಾರ್ಗದರ್ಶನದ ಯಾವ ಪ್ರಬಂಧ ನೋಡಿದಿರಿ, ನೀವು ಏನು ಓದಿದ್ದೀರಿ, ಯಾವ ಕೆಲಸ ಮಾಡಿಕೊಡಬಲ್ಲಿರಿ ಎಂದು ಏಳೆಂಟು ಸಾಲಿನಲ್ಲಿ ಹೇಳಿ. ‘ಯಾವುದೇ ಕೆಲಸವಿದ್ದರೂ ತಿಳಿಸಿ’ ಎಂಬ ಸಾಲು ಬೇಡ. ಯಾವುದೇ ಕೆಲಸ ಎಂದರೆ ಅವರಿಗೆ ಯಾವ ಕೆಲಸವೂ ನೆನಪಾಗುವುದಿಲ್ಲ. ‘ಕನ್ನಡ ಮಹಾಪ್ರಬಂಧಗಳ ಅಡಿಟಿಪ್ಪಣಿ, ಪರಾಮರ್ಶನ ಪಟ್ಟಿ ಸರಿಪಡಿಸಿಕೊಡುತ್ತೇನೆ’ ಎಂದರೆ ಒದ್ದಾಡುತ್ತಿರುವ ವಿದ್ಯಾರ್ಥಿಯ ಮುಖ ಕಣ್ಣಮುಂದೆ ಬರುತ್ತದೆ. ಮೌಲ್ಯಮಾಪನ ನಡೆಯುವ ವಾರಗಳಲ್ಲಿ ಬರೆಯಬೇಡಿ. ಉತ್ತರ ಬಾರದಿದ್ದರೆ ಹನ್ನೆರಡು ದಿನ ಬಿಟ್ಟು ಒಮ್ಮೆ ನೆನಪಿಸಿ, ಅಲ್ಲಿಗೆ ಸಾಕು. ಮುಂದೆ ಸಂಕಿರಣವೊಂದರಲ್ಲಿ ಅವರ ಉಪನ್ಯಾಸ ಕೇಳಿ, ಚಹಾ ವಿರಾಮದಲ್ಲಿ ಆ ವಿಷಯದ ಬಗ್ಗೆಯೇ ಎರಡು ಮಾತಾಡಿದರೆ ಪತ್ರ ತಾನಾಗಿ ನೆನಪಾಗುತ್ತದೆ.

ಪತ್ರದ ಜೊತೆಗೆ ಒಂದು ಪುಟದ ಮಾದರಿ ಇರಲೇಬೇಕು. ಆ ಪ್ರಾಧ್ಯಾಪಕರ ಪ್ರಕಟಿತ ಲೇಖನವನ್ನೇ ತಿದ್ದಿ ಕಳಿಸುವ ಉತ್ಸಾಹ ಕೆಲವರಿಗಿರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಅವಮಾನವೆಂದೇ ಕಾಣುತ್ತದೆ. ನಿಮ್ಮದೇ ಎಂ.ಎ. ಕಿರುಪ್ರಬಂಧದ ಒಂದು ಪುಟ ತೆಗೆದುಕೊಂಡು, ಎಡಕ್ಕೆ ಮೂಲ, ಬಲಕ್ಕೆ ತಿದ್ದಿದ್ದು, ಅಂಚಿನಲ್ಲಿ ತಿದ್ದಿದ್ದಕ್ಕೆ ಕಾರಣ ಎಂದು ಜೋಡಿಸಿ. ಕಾಗುಣಿತ ತಿದ್ದುವವರು ಬೇಕಾದಷ್ಟು ಜನ ಸಿಗುತ್ತಾರೆ. ಪ್ರಾಧ್ಯಾಪಕರ ಕಣ್ಣು ನಿಲ್ಲುವುದು ಅಡಿಟಿಪ್ಪಣಿಯಲ್ಲಿ. ಉದಾಹರಣೆಗೆ, ಟಿಪ್ಪಣಿ 12ರಲ್ಲಿ ಒಂದು ಪುಸ್ತಕ, 13ರಲ್ಲಿ, ಹಿಂದಿನ ಟಿಪ್ಪಣಿಯ ಪುಸ್ತಕವೇ ಎಂಬ ಅರ್ಥದಲ್ಲಿ, ‘ಅದೇ, ಪು. 45’ ಎಂದಿರುತ್ತದೆ. ವಿದ್ಯಾರ್ಥಿ ಆಮೇಲೆ ನಡುವೆ ಹೊಸ ಪ್ಯಾರಾ ಸೇರಿಸಿ, ಅದರ ಜೊತೆ ಹೊಸ ಟಿಪ್ಪಣಿಯೂ ಸೇರಿದರೆ, ‘ಅದೇ’ ಎಂಬುದು ಈಗ ಬೇರೆಯೇ ಪುಸ್ತಕವನ್ನು ತೋರಿಸುತ್ತದೆ. ಅಧ್ಯಾಯಗಳನ್ನು ಹಿಂದೆ ಮುಂದೆ ಮಾಡಿದಾಗಲೂ ಇದೇ ಪಾಡು. ಕರಡು ಹಂತದಲ್ಲಿ ಪ್ರತಿ ಟಿಪ್ಪಣಿಯಲ್ಲೂ ಲೇಖಕರ ಹೆಸರು, ಚಿಕ್ಕದಾಗಿ ಶೀರ್ಷಿಕೆ ಇಟ್ಟುಕೊಂಡು, ಎಲ್ಲ ಮುಗಿದ ಮೇಲೆ ಕೊನೆಯ ಸುತ್ತಿನಲ್ಲಿ ಮಾತ್ರ ‘ಅದೇ’ ಹಾಕುವುದು ಸರಿಯಾದ ಕ್ರಮ. ಪರಾಮರ್ಶನ ಪಟ್ಟಿಯಲ್ಲಿ ಒಬ್ಬರೇ ಲೇಖಕರು ಒಂದು ಕಡೆ ಕಾವ್ಯನಾಮದಲ್ಲಿ, ಇನ್ನೊಂದು ಕಡೆ ಇನಿಷಿಯಲ್ ಜೊತೆಗಿನ ಹೆಸರಿನಲ್ಲಿ ಬಂದು ಇಬ್ಬರಾಗಿರುವುದೂ ಮಾಮೂಲು. ಕುವೆಂಪು ಎಂದೂ ಪುಟ್ಟಪ್ಪ ಕೆ.ವಿ. ಎಂದೂ ಎರಡು ಕಡೆ ನಮೂದಾದ ಪಟ್ಟಿ ಪರೀಕ್ಷಕರ ಕೈಗೆ ಹೋದರೆ ಮಾರ್ಗದರ್ಶಕರಿಗೇ ಮುಜುಗರ. ಇಂಥ ಎರಡು ತಪ್ಪನ್ನು ನಿಮ್ಮ ಮಾದರಿ ಪುಟ ಹಿಡಿದು ತೋರಿಸಿದರೆ ಅರ್ಧ ಕೆಲಸ ಆದಂತೆಯೇ.

ಇನ್ನರ್ಧ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ್ದು. ಡಿಟಿಪಿ ಅಂಗಡಿಯಲ್ಲಿ ಟೈಪಾಗಿ ಬರುವ ಕನ್ನಡ ಪ್ರಬಂಧ ಇಂದಿಗೂ ಬಹಳ ಸಲ ಯುನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿರುತ್ತದೆ. ಅಂಥ ಕಡತದಲ್ಲಿ ಕಂಪ್ಯೂಟರಿಗೆ ಕಾಣುವುದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಹಾಗಾಗಿ ಪದ ಹುಡುಕಲು ತೊಡಕು, ಅಕಾರಾದಿ ಜೋಡಿಸಿದರೆ ಪಟ್ಟಿ ಅಸ್ತವ್ಯಸ್ತ, ಕೃತಿಚೌರ್ಯ ತಪಾಸಣೆಯ ತಂತ್ರಾಂಶಕ್ಕೂ ಅದು ಕನ್ನಡವೆಂದು ತಿಳಿಯುವುದಿಲ್ಲ. ಪರಿವರ್ತಕ ಬಳಸಿ ಯುನಿಕೋಡಿಗೆ ತರುವಾಗ ಮೂರು ಕಡೆ ಎಡವಟ್ಟಾಗುತ್ತದೆ. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಕಳಪೆ ಪರಿವರ್ತಕಗಳು ಒತ್ತಕ್ಷರದ ಜೊತೆ ಅರ್ಕಾವತ್ತು ಬಂದಾಗ ತಪ್ಪುತ್ತವೆ. ಪ್ಯಾರಾದ ನಡುವಿನ ಇಂಗ್ಲಿಷ್ ಪದಗಳೂ ಪರಿವರ್ತನೆಯಾಗಿ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ. ಪಠ್ಯವನ್ನು ನಕಲಿಸಿ ಅಂಟಿಸುವಾಗ ಅಡಿಟಿಪ್ಪಣಿಗಳು, ಕೋಷ್ಟಕಗಳು ಹಿಂದೆಯೇ ಉಳಿದುಬಿಡುತ್ತವೆ. ಆದ್ದರಿಂದ ಇಂಗ್ಲಿಷ್ ಪದಗಳಿಗೆ ಮೊದಲೇ ಬಣ್ಣ ಹಾಕಿ, ಒಂದೊಂದೇ ಅಧ್ಯಾಯ ಪರಿವರ್ತಿಸಿ, ಟಿಪ್ಪಣಿಗಳನ್ನು ಬೇರೆಯಾಗಿ ಮಾಡಿ, ಮೂಲದ ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಒಮ್ಮೆ ಪೂರ್ತಿ ಓದಬೇಕು. ಇದನ್ನು ಬಲ್ಲವರು ಎಂದು ವಿಭಾಗದಲ್ಲಿ ಒಮ್ಮೆ ಗೊತ್ತಾದರೆ ನಿಮ್ಮ ನಂಬರ್ ಸಂಶೋಧನಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಓಡಾಡತೊಡಗುತ್ತದೆ.

ಮಹಾಪ್ರಬಂಧ ಬಿಟ್ಟರೆ ದೊಡ್ಡ ಕೆಲಸ ಅಭಿನಂದನ ಗ್ರಂಥ. ಹಿರಿಯ ಪ್ರಾಧ್ಯಾಪಕರೊಬ್ಬರು ನಿವೃತ್ತರಾಗುವ ಮುಂಚೆ ಶಿಷ್ಯರು ಸಮಿತಿ ಮಾಡುತ್ತಾರೆ, ಹತ್ತಾರು ಜನ ಲೇಖನ ಕಳಿಸುತ್ತಾರೆ, ಒಬ್ಬೊಬ್ಬರದು ಒಂದೊಂದು ಫಾಂಟು, ಒಂದೊಂದು ಬಗೆಯ ಕಾಗುಣಿತ. ಬಿಡುಗಡೆಯ ದಿನಾಂಕ ಮಾತ್ರ ಅಲುಗಾಡುವುದಿಲ್ಲ. ಯಾರ ನಿವೃತ್ತಿ ಯಾವಾಗ ಎಂಬುದು ವಿಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಆರು ತಿಂಗಳು ಮುಂಚೆ ಸಂಪಾದಕ ಸಮಿತಿಯವರನ್ನು ಕಂಡರೆ ಕೆಲಸ ಸಿಗುತ್ತದೆ, ಒಂದು ತಿಂಗಳು ಮುಂಚೆ ಹೋದರೆ ಬರೀ ನಿದ್ದೆಗೇಡು. ಅನುವಾದದ ಕಡೆ ಒಲವಿದ್ದರೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿರುವ ರಾಷ್ಟ್ರೀಯ ಅನುವಾದ ಮಿಷನ್ ಅನುವಾದಕರ ನೋಂದಣಿ ಪಟ್ಟಿ ಇಟ್ಟಿದೆ, ಅದರಲ್ಲಿ ಹೆಸರು ಸೇರಿಸಿ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ಇಂಜಿನಿಯರಿಂಗ್ ಪಠ್ಯಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ತರುತ್ತಿದೆ. ಯಂತ್ರಾನುವಾದದ ಬಳಕೆ ಹೆಚ್ಚಿದಷ್ಟೂ ವಿಷಯ ಬಲ್ಲವರು ಅದನ್ನು ಪರಿಶೀಲಿಸುವ ಅಗತ್ಯವೂ ಹೆಚ್ಚುತ್ತದೆ.

ಈಗ ಒಲ್ಲೆ ಅನ್ನಬೇಕಾದ ಕೆಲಸ. ‘ಇಡೀ ಪ್ರಬಂಧ ಬರೆದುಕೊಡಿ, ಎಷ್ಟಾದರೂ ಕೊಡೋಣ’ ಎಂದು ಕೇಳುವವರು ಖಂಡಿತ ಸಿಗುತ್ತಾರೆ. ಒಪ್ಪಬೇಡಿ. ಆ ಪದವಿ ಸುಳ್ಳಾಗುತ್ತದೆ, ಅದರ ಬಲದಿಂದ ಆತ ನಾಳೆ ತರಗತಿಯಲ್ಲಿ ಮಕ್ಕಳ ಎದುರು ನಿಲ್ಲುತ್ತಾನೆ. ‘ಹೋಲಿಕೆಯ ಶೇಕಡಾವಾರು ಇಳಿಸಿಕೊಡಿ’ ಎಂಬ ಬೇಡಿಕೆಯೂ ಅದೇ ಜಾತಿಯದು. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮದಲ್ಲಿ ಬೇರೆ ಬರಹಗಳೊಂದಿಗಿನ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. 10ರಿಂದ 40 ಇದ್ದರೆ 6 ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು, 40ರಿಂದ 60 ಇದ್ದರೆ 1 ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಪದ ಬದಲಿಸಿ ಈ ಅಂಕಿಯನ್ನು ಇಳಿಸುವುದು ಕಳವನ್ನು ಮುಚ್ಚಿಡುವುದಷ್ಟೇ. ನೀವು ಮಾಡಬಹುದಾದದ್ದು ಬೇರೆ. ಎಲ್ಲಿ ಉದ್ಧರಣ ಚಿಹ್ನೆ ಬಿಟ್ಟುಹೋಗಿದೆ, ಎಲ್ಲಿ ಆಕರ ಕೊಟ್ಟಿಲ್ಲ ಎಂದು ಗುರುತು ಹಾಕಿ ವಿದ್ಯಾರ್ಥಿಗೇ ಮರಳಿಸುವುದು, ಸರಿಪಡಿಸುವುದನ್ನು ಅವರಿಗೇ ಬಿಡುವುದು. ವಿದ್ಯಾರ್ಥಿಯ ಕೆಲಸ ಒಪ್ಪುವ ಮುನ್ನ ‘ನಿಮ್ಮ ಗೈಡ್‌ಗೆ ತಿಳಿಸಿದ್ದೀರಾ?’ ಎಂದು ಕೇಳಿ. ಆ ಪ್ರಶ್ನೆಗೇ ಎಷ್ಟೋ ಜನ ಮತ್ತೆ ಫೋನ್ ಮಾಡುವುದಿಲ್ಲ, ಅದು ಒಳ್ಳೆಯದೇ. ಅಪ್ರಕಟಿತ ಪ್ರಬಂಧವನ್ನು, ಅದರಲ್ಲೂ ಕ್ಷೇತ್ರಕಾರ್ಯದ ಸಂದರ್ಶನಗಳಿರುವ ಕಡತವನ್ನು, ಯಾವ ಎಐ ತಾಣಕ್ಕೂ ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ ಹಾಕಬೇಡಿ.

ದರವನ್ನು ಕಡತದಲ್ಲಿ ಕಾಣುವ ಪುಟಗಳ ಲೆಕ್ಕದಲ್ಲಿ ಹೇಳಬೇಡಿ. ಅಕ್ಷರ ಚಿಕ್ಕದಾಗಿಸಿ, ಸಾಲು ಒತ್ತಿಸಿದರೆ 300 ಪುಟ 220 ಆಗುತ್ತದೆ. 250 ಪದಕ್ಕೆ ಒಂದು ಪುಟ ಎಂದು ಮೊದಲೇ ಬರೆದು ತಿಳಿಸಿ. ಅನುವಾದವಾದರೆ ಮೂಲ ಇಂಗ್ಲಿಷಿನ ಪದಗಳನ್ನು ಎಣಿಸಿ, ಏಕೆಂದರೆ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ಕನ್ನಡದಲ್ಲಿ ಪದಸಂಖ್ಯೆ ಗಣನೀಯವಾಗಿ ಇಳಿಯುತ್ತದೆ. ಒಪ್ಪುವ ಮೊದಲು ನಡುವಿನ ಅಧ್ಯಾಯದಿಂದ ಹತ್ತು ಪುಟ ತಿದ್ದಿ ಗಂಟೆ ನೋಡಿಕೊಳ್ಳಿ. ಮೊದಲ ಅಧ್ಯಾಯವನ್ನು ಎಲ್ಲರೂ ಚೆನ್ನಾಗಿಯೇ ಬರೆದಿರುತ್ತಾರೆ, ಅದನ್ನು ನೋಡಿ ದರ ಹೇಳಿದರೆ ಮೋಸಹೋಗುತ್ತೀರಿ. ಗಂಟೆಗೆ 5 ಪುಟವಾದರೆ 250 ಪುಟಕ್ಕೆ 50 ಗಂಟೆ, ಎರಡನೇ ಓದಿಗೆ ಇನ್ನೂ 20 ಗಂಟೆ ಬೇಕು. ಈ 70 ಗಂಟೆಯ ಮೇಲೆ ಮೊತ್ತ ಕಟ್ಟಿ.

ದುಡ್ಡು ಯಾರಿಂದ ಬರುತ್ತದೆ ಎಂಬುದರ ಮೇಲೆ ಯಾವಾಗ ಬರುತ್ತದೆ ಎಂಬುದು ನಿಂತಿದೆ. ವಿದ್ಯಾರ್ಥಿ ಕೈಯಿಂದ ಕೊಡುವುದಾದರೆ ಅಧ್ಯಾಯಕ್ಕೆ ಇಷ್ಟು ಎಂದು ಮುಗಿಸಿದ ಹಾಗೆ ಪಡೆಯಿರಿ. ಸಂಶೋಧನಾ ಯೋಜನೆಯ ಹಣವಾದರೆ ಯಾವ ಕಂತಿನಿಂದ ಕೊಡುತ್ತಾರೆ ಎಂದು ನಾಚಿಕೆಯಿಲ್ಲದೆ ಕೇಳಿ. ಕೊನೆಯ ಕಂತು ಸಾಮಾನ್ಯವಾಗಿ ಅಂತಿಮ ವರದಿ ಒಪ್ಪಿಗೆಯಾದ ಮೇಲೆ ಬರುವಂಥದ್ದು, ವರದಿ ತಿದ್ದಿದವರು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ವಿಶ್ವವಿದ್ಯಾಲಯವೇ ಕೊಡುವುದಾದರೆ ಪ್ರಾಧ್ಯಾಪಕರ ಬಾಯಿಮಾತು ಸಾಲದು, ಕೆಲಸ ಶುರುಮಾಡುವ ಮೊದಲೇ ಕಾರ್ಯಾದೇಶ ಪತ್ರ ಕೈಗೆ ಬರಬೇಕು. ಅವರ ಜಾಗಕ್ಕೆ ಬೇರೆಯವರು ಬಂದರೆ ಆ ಪತ್ರವೊಂದೇ ಆಧಾರ. ಬಿಲ್ಲಿನ ಜೊತೆ ಪ್ಯಾನ್ ಪ್ರತಿ, ರದ್ದುಮಾಡಿದ ಚೆಕ್, ಕಾರ್ಯಾದೇಶದ ಸಂಖ್ಯೆ ಇರಲಿ. ವೃತ್ತಿಪರ ಶುಲ್ಕ ಆದಾಯ ತೆರಿಗೆ ನಿಯಮದ ಮಿತಿ ದಾಟಿದರೆ, ಹಣ ಕೊಡುವವರೇ ಮೊದಲೇ ಹಿಡಿದುಕೊಳ್ಳುವ ತೆರಿಗೆಯಾದ ಟಿಡಿಎಸ್ ಶೇ. 10 ಕಡಿತವಾಗುತ್ತದೆ, ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಫೆಬ್ರುವರಿಯಲ್ಲೇ ಬಿಲ್ ಕೊಟ್ಟುಬಿಡಿ. ಮಾರ್ಚ್ 31 ದಾಟಿದರೆ ಹೊಸ ವರ್ಷದ ಅನುದಾನಕ್ಕೆ ಕಾಯಿಸುತ್ತಾರೆ.

ಕೆಲಸ ಒಪ್ಪಿಸುವಾಗ ತಿದ್ದಿದ ಕಡತದ ಜೊತೆ ಎರಡು ಪುಟದ ಶೈಲಿಪಟ್ಟಿಯನ್ನೂ ಕೊಡಿ. ‘ವಿಶ್ವವಿದ್ಯಾಲಯ’ವೋ ‘ವಿಶ್ವವಿದ್ಯಾನಿಲಯ’ವೋ, ಇಸವಿಯನ್ನು ಆವರಣದಲ್ಲಿ ಕೊಡುವುದೋ ಅಲ್ಪವಿರಾಮದ ನಂತರವೋ, ಶಾಸನಗಳ ಸಂಕ್ಷೇಪ ಹೇಗೆ, ಜಾನಪದ ಪದಗಳ ಉಚ್ಚಾರ ಎಲ್ಲಿ ಹಾಗೇ ಉಳಿಸಿದ್ದೀರಿ ಎಂಬುದೆಲ್ಲ ಅದರಲ್ಲಿರಲಿ, ಕೆಳಗೆ ನಿಮ್ಮ ಹೆಸರು, ಮಿಂಚಂಚೆ ವಿಳಾಸ ಇರಲಿ. ಮಾರ್ಗದರ್ಶಕರು ಮುಂದಿನ ವಿದ್ಯಾರ್ಥಿಗೆ ಆ ಎರಡು ಪುಟವನ್ನೇ ಕೊಟ್ಟು ‘ಇದರ ಪ್ರಕಾರ ಬರಿ, ಸಂದೇಹ ಬಂದರೆ ಇವರನ್ನ ಕೇಳು’ ಎನ್ನುತ್ತಾರೆ.