ಆನ್‌ಲೈನ್‌ನಲ್ಲಿ ಎಂಜಿನಿಯರಿಂಗ್ ಟೆಕ್ನಾಲಜಿ ಸ್ನಾತಕೋತ್ತರ ಪದವಿ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಕೆಲಸ ಬಿಡದೆ ಆನ್‌ಲೈನ್‌ನಲ್ಲೇ ಎಂಜಿನಿಯರಿಂಗ್ ಟೆಕ್ನಾಲಜಿ ಸ್ನಾತಕೋತ್ತರ ಪದವಿ ಮಾಡಿದಿರಲ್ಲ, ಅದರಿಂದ ನಿಜವಾಗಿಯೂ ಉಪಯೋಗವಾಯಿತೇ? ಲ್ಯಾಬ್ ಇಲ್ಲದೆ ಎಂಜಿನಿಯರಿಂಗ್ ಕಲಿಯುವುದಾದರೂ ಹೇಗೆ?"

ಕಿರಿಯ ಸಹೋದ್ಯೋಗಿಗಳು ಇದನ್ನು ಮತ್ತೆ ಮತ್ತೆ ಕೇಳುತ್ತಾರೆ. ನನ್ನ ಉತ್ತರ ಇಷ್ಟೇ: ಲ್ಯಾಬ್ ಇದೆ, ನೀವು ದಿನಾ ಕೆಲಸ ಮಾಡುವ ಜಾಗವೇ ಅದು. ಅಂಥ ಜಾಗ ನಿಮಗಿದ್ದರೆ ಈ ಪದವಿಗೆ ಖಂಡಿತ ಸೇರಿ. ಇಲ್ಲದಿದ್ದರೆ ಸದ್ಯಕ್ಕೆ ಬೇಡ.

ಯಾಕೆ ಹೀಗೆ ಹೇಳುತ್ತೇನೆಂದು ಒಂದು ಪ್ರಸಂಗದಿಂದ ತಿಳಿಸುತ್ತೇನೆ. ಆಗ ನಾನು ಗುಣಮಟ್ಟ ವಿಭಾಗದಲ್ಲಿದ್ದೆ. ಗ್ರೈಂಡಿಂಗ್ ಮುಗಿಸಿ ಬರುತ್ತಿದ್ದ ಒಂದು ಶಾಫ್ಟಿನ ವ್ಯಾಸಕ್ಕೆ ಇದ್ದ ಟಾಲರೆನ್ಸ್, ಅಂದರೆ ಒಪ್ಪಬಹುದಾದ ಏರುಪೇರು, ಒಟ್ಟು 0.02 ಮಿಲಿಮೀಟರ್. ಹಗಲು ಪಾಳಿಯವರು ಸರಿ ಎಂದ ಶಾಫ್ಟುಗಳನ್ನೇ ರಾತ್ರಿ ಪಾಳಿಯವರು ಅಳತೆ ಕಡಿಮೆ ಬಂದಿದೆ ಎಂದು ಪಕ್ಕಕ್ಕಿಡುತ್ತಿದ್ದರು. ಎಲ್ಲರ ಬೆರಳೂ ಗ್ರೈಂಡಿಂಗ್ ಯಂತ್ರದ ಕಡೆಗೆ. ಎರಡು ಸಲ ಚಕ್ರ ಬದಲಾಯಿಸಿದ್ದೂ ಆಯಿತು.

ಅದೇ ವಾರ ನಮ್ಮ ಪಾಠ ಮಾಪನ ವ್ಯವಸ್ಥೆಯ ವಿಶ್ಲೇಷಣೆಗೆ ಬಂದಿತ್ತು. ವಸ್ತುವನ್ನು ದೂರುವ ಮೊದಲು ಅಳೆಯುವ ಸಾಧನವನ್ನೂ ಅಳೆಯುವ ಕೈಯನ್ನೂ ಪರೀಕ್ಷಿಸುವ ವಿಧಾನವದು. ನಮ್ಮ ನಮ್ಮ ಕೆಲಸದ ಜಾಗದ ಒಂದು ಅಳತೆಯನ್ನು ತೆಗೆದುಕೊಂಡು ಪರೀಕ್ಷಿಸಿ ಎಂದು ಅಸೈನ್‌ಮೆಂಟ್ ಕೊಟ್ಟಿದ್ದರು. ನಾನು 10 ಶಾಫ್ಟುಗಳನ್ನು ಆರಿಸಿ, ಅವುಗಳ ಕ್ರಮವನ್ನು ಪ್ರತಿ ಸಲ ಕಲಸಿ, 3 ಜನರಿಂದ 3 ಸಲ ಅಳೆಸಿದೆ. ಯಾವುದು ಯಾವ ಸಂಖ್ಯೆಯ ಶಾಫ್ಟ್ ಎಂದು ಅಳೆಯುವವರಿಗೆ ಗೊತ್ತಿರಲಿಲ್ಲ. ಒಟ್ಟು 90 ಓದುಗಳು. ಇಬ್ಬರ ಅಂಕಿಗಳು ಹತ್ತಿರ ಹತ್ತಿರ ಇದ್ದವು, ರಾತ್ರಿ ಪಾಳಿಯ ಹಿರಿಯರದು ಮಾತ್ರ ಪ್ರತಿ ಶಾಫ್ಟಿನಲ್ಲೂ ನಾಲ್ಕೈದು ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಕೆಳಗೆ. ಮರುದಿನ ಅವರ ಪಕ್ಕದಲ್ಲಿ ನಿಂತು ನೋಡಿದೆ. ಅವರು ಮೈಕ್ರೊಮೀಟರ್ ಎಂಬ ಅಳತೆ ಸಾಧನದ ತುದಿಯಲ್ಲಿ ಒತ್ತಡವನ್ನು ಒಂದೇ ಮಟ್ಟದಲ್ಲಿಡುವ ರ‍್ಯಾಚೆಟ್ ಮುಟ್ಟುತ್ತಲೇ ಇರಲಿಲ್ಲ. ಅದರ ದೊಡ್ಡ ಹಿಡಿಕೆಯಾದ ತಿಂಬಲ್ ಹಿಡಿದು, ಬಿಗಿಯಾಯಿತು ಎಂದು ಕೈಗೆ ಅನ್ನಿಸುವವರೆಗೆ ತಿರುಗಿಸುತ್ತಿದ್ದರು. ಒತ್ತಿ ಬಿಗಿದರೆ ಓದು ಕಡಿಮೆಯೇ ಬರುತ್ತದೆ. ಲೆಕ್ಕ ಹಾಕಿದಾಗ ಟಾಲರೆನ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅಳತೆಯ ಏರುಪೇರೇ ನುಂಗಿತ್ತು. ಇದು 10 ಶೇಕಡಾದೊಳಗಿದ್ದರೆ ಉತ್ತಮ, 30 ದಾಟಿದರೆ ಆ ಅಳತೆಯನ್ನು ನಂಬುವಂತಿಲ್ಲ ಎಂಬುದು ವಾಹನ ಉದ್ಯಮದಲ್ಲಿ ರೂಢಿಯಲ್ಲಿರುವ ಮಾನದಂಡ.

ಯಂತ್ರದ್ದು ಏನೂ ತಪ್ಪಿರಲಿಲ್ಲ. ಯಾವ ಕಾಲೇಜಿನ ಲ್ಯಾಬಿನಲ್ಲೂ ನನಗೆ ಈ ಪಾಠ ಸಿಗುತ್ತಿರಲಿಲ್ಲ. ಅಲ್ಲಿನ ಮೈಕ್ರೊಮೀಟರಿನ ಹಿಂದೆ ಇಪ್ಪತ್ತು ವರ್ಷದ ರೂಢಿಯ ಕೈ ಇರುವುದಿಲ್ಲ.

ಇನ್ನು ಪದವಿಯ ಹೆಸರಿನ ವಿಷಯ. ಎಂಜಿನಿಯರಿಂಗ್ ಮತ್ತು ಎಂಜಿನಿಯರಿಂಗ್ ಟೆಕ್ನಾಲಜಿ ಎರಡೂ ಒಂದೇ ಎಂದುಕೊಂಡು ಸೇರುವವರಿದ್ದಾರೆ. ಒಂದೇ ಅಲ್ಲ. ಅಮೆರಿಕದಲ್ಲಿ 1955ರ ಗ್ರಿಂಟರ್ ವರದಿ ಎಂಜಿನಿಯರಿಂಗ್ ಶಿಕ್ಷಣದಲ್ಲಿ ಗಣಿತ ಮತ್ತು ಮೂಲವಿಜ್ಞಾನಕ್ಕೆ ಹೆಚ್ಚು ಒತ್ತು ಬೇಕೆಂದಿತು. ಕಾಲೇಜುಗಳು ಆ ದಾರಿ ಹಿಡಿದ ಮೇಲೆ ತಯಾರಿಕೆ, ಪರೀಕ್ಷೆ, ಅನ್ವಯದ ಕೆಲಸಕ್ಕೆ ಜನರನ್ನು ಸಿದ್ಧಪಡಿಸುವ ಪ್ರತ್ಯೇಕ ಪದವಿಗಳು ಬೆಳೆದವು. ದೇಶದೇಶಗಳ ನಡುವಿನ ಪರಸ್ಪರ ಮಾನ್ಯತೆಯಲ್ಲೂ ಈ ವ್ಯತ್ಯಾಸ ಕಾಣುತ್ತದೆ: ಎಂಜಿನಿಯರಿಂಗ್ ಪದವಿಗಳಿಗೆ 1989ರ ವಾಷಿಂಗ್ಟನ್ ಒಪ್ಪಂದ, ಟೆಕ್ನಾಲಜಿ ಪದವಿಗಳಿಗೆ 2001ರ ಸಿಡ್ನಿ ಒಪ್ಪಂದ. ಅಮೆರಿಕದಲ್ಲಿ ಪ್ರೊಫೆಷನಲ್ ಎಂಜಿನಿಯರ್ ಪರವಾನಗಿ ಪಡೆಯಬೇಕೆಂದಿರುವವರು ಇದನ್ನು ಎರಡು ಸಲ ಓದಿಕೊಳ್ಳಬೇಕು. ಅಲ್ಲಿ ಮುಖ್ಯವಾಗುವುದು ಸ್ನಾತಕ ಪದವಿ. ಟೆಕ್ನಾಲಜಿ ಪದವಿಯವರಿಗೆ ಕೆಲವು ರಾಜ್ಯಗಳು ಹೆಚ್ಚು ವರ್ಷಗಳ ಅನುಭವ ಕೇಳಿ ಅವಕಾಶ ಕೊಡುತ್ತವೆ, ಕೆಲವು ಕೊಡುವುದೇ ಇಲ್ಲ. ಮೇಲೊಂದು ಟೆಕ್ನಾಲಜಿ ಸ್ನಾತಕೋತ್ತರ ಪದವಿ ಮಾಡಿಕೊಂಡರೆ ಆ ಬಾಗಿಲು ತಾನಾಗಿ ತೆರೆಯುತ್ತದೆ ಎಂಬ ಭರವಸೆಯಿಂದ ಸೇರಬೇಡಿ.

ಪಾಠಗಳಲ್ಲಿ ನನಗೆ ಹೆಚ್ಚು ಕೊಟ್ಟದ್ದು ಸಂಖ್ಯಾಶಾಸ್ತ್ರ. ನಮ್ಮ ಗೋಡೆಯ ಮೇಲೆ ಕಂಟ್ರೋಲ್ ಚಾರ್ಟುಗಳು, ಅಂದರೆ ಅಳತೆಗಳನ್ನು ಕಾಲಕ್ರಮದಲ್ಲಿ ಗುರುತಿಸುವ ನಕ್ಷೆಗಳು, ಮೊದಲಿನಿಂದಲೂ ಇದ್ದವು, ಆಡಿಟ್ ಹತ್ತಿರ ಬಂದಾಗ ತುಂಬಿಸುತ್ತಿದ್ದೆವು. ಚಾರ್ಟಿನ ಮೇಲಿನ, ಕೆಳಗಿನ ಗೆರೆಗಳಿಗೆ ಡ್ರಾಯಿಂಗಿನಲ್ಲಿದ್ದ ಅಳತೆಯ ಮಿತಿಗಳನ್ನೇ ಹಾಕಿದ್ದೆವು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಶೆವಾರ್ಟ್ 1924ರಲ್ಲಿ ಈ ಚಾರ್ಟನ್ನು ಕಲ್ಪಿಸಿದ್ದು ಬೇರೆಯದೇ ಉದ್ದೇಶಕ್ಕೆ ಎಂದು ಓದಿದ ಮೇಲೆ ತಿಳಿಯಿತು. ಆ ಗೆರೆಗಳು ಪ್ರಕ್ರಿಯೆಯ ಸ್ವಂತ ಏರಿಳಿತದಿಂದ ಬರಬೇಕು. ಗ್ರಾಹಕನಿಗೆ ಏನು ಬೇಕು ಎಂಬುದನ್ನು ಡ್ರಾಯಿಂಗ್ ಹೇಳುತ್ತದೆ, ಯಂತ್ರ ಏನು ಮಾಡುತ್ತಿದೆ ಎಂಬುದನ್ನು ಚಾರ್ಟ್ ಹೇಳಬೇಕು. ಎರಡನ್ನೂ ಬೆರೆಸಿ, ವರ್ಷಗಟ್ಟಲೆ ಏನೂ ಹೇಳದ ಕಾಗದವನ್ನು ತುಂಬಿಸಿದ್ದೆವು. ಪ್ರಯೋಗ ವಿನ್ಯಾಸ, ಲೀನ್ (ಕೆಲಸದಲ್ಲಿನ ವ್ಯರ್ಥವನ್ನು ತಗ್ಗಿಸುವ ವಿಧಾನ), ಪ್ರಾಜೆಕ್ಟ್ ನಿರ್ವಹಣೆ ಕೂಡ ಇದ್ದವು. ಕೊನೆಯದು ನನಗೆ ಅಷ್ಟಾಗಿ ರುಚಿಸಲಿಲ್ಲ.

ಸಮಯದ ಲೆಕ್ಕವನ್ನು ಜಾಹೀರಾತುಗಳು ಸರಿಯಾಗಿ ಹೇಳುವುದಿಲ್ಲ. ಸಾಮಾನ್ಯವಾಗಿ ಇಂಥ ಪದವಿಗೆ 30 ಕ್ರೆಡಿಟ್‌ನಷ್ಟು ಬೇಕು, ಅಂದರೆ ತಲಾ 3 ಕ್ರೆಡಿಟ್‌ನ 10 ಕೋರ್ಸುಗಳು. ಒಂದು ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ ಪಾಠ, ಎರಡು ಗಂಟೆ ಸ್ವಂತ ಕೆಲಸ ಎಂಬುದು ಅಮೆರಿಕದ ರೂಢಿಯ ಲೆಕ್ಕ. ಹಾಗಾಗಿ ಒಂದು ಕೋರ್ಸಿಗೆ ಪೂರ್ಣ ಸೆಮಿಸ್ಟರಿನಲ್ಲಿ ವಾರಕ್ಕೆ 9 ಗಂಟೆ. ಅದೇ ಕೋರ್ಸನ್ನು 8 ವಾರಕ್ಕೆ ಕುಗ್ಗಿಸಿದರೆ ಸುಮಾರು 18 ಗಂಟೆ. "ಕೇವಲ 8 ವಾರ" ಎಂಬ ಮಾತಿಗೆ ಮರುಳಾಗಿ ಎರಡು ಕೋರ್ಸುಗಳನ್ನು ಒಟ್ಟಿಗೆ ಹಿಡಿದು ಒಂದನ್ನು ನಡುವೆಯೇ ಬಿಟ್ಟವನು ನಾನು. ಪಾಳಿ ಕೆಲಸ ಮಾಡುವವರಿಗೆ ಒಮ್ಮೆಗೆ ಒಂದೇ ಕೋರ್ಸ್ ಸಾಕು. ಮೂರು ವರ್ಷ ಹಿಡಿದರೆ ಹಿಡಿಯಲಿ.

ಆನ್‌ಲೈನ್ ಪದವಿಗೆ ಮರ್ಯಾದೆ ಇದೆಯೇ ಎಂದು ಕೇಳುವವರಿಗೆ ಒಂದು ಮಾತು. ದೂರದಿಂದ ಎಂಜಿನಿಯರುಗಳಿಗೆ ಸ್ನಾತಕೋತ್ತರ ಪಾಠ ಹೇಳುವುದು ಇಂಟರ್ನೆಟ್ ಬಂದ ಮೇಲೆ ಶುರುವಾದದ್ದಲ್ಲ. ಅಮೆರಿಕದಲ್ಲಿ 1984ರಲ್ಲಿ ಶುರುವಾದ ನ್ಯಾಷನಲ್ ಟೆಕ್ನಲಾಜಿಕಲ್ ಯೂನಿವರ್ಸಿಟಿ ಹಲವು ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರ ತರಗತಿಗಳನ್ನು ಉಪಗ್ರಹದ ಮೂಲಕ ಕಂಪನಿಗಳಿಗೇ ತಲುಪಿಸುತ್ತಿತ್ತು. ಈಗ ನೋಡಬೇಕಾದದ್ದು ಕೊಡುವ ವಿಶ್ವವಿದ್ಯಾಲಯಕ್ಕೆ ಸಾಂಸ್ಥಿಕ ಮಾನ್ಯತೆ ಇದೆಯೇ, ಆ ಮಾನ್ಯತೆ ಕೊಟ್ಟ ಸಂಸ್ಥೆಯನ್ನು ಸರ್ಕಾರ ಒಪ್ಪಿದೆಯೇ ಎಂಬುದನ್ನು. ಅಮೆರಿಕದ ಶಿಕ್ಷಣ ಇಲಾಖೆ ಈ ಪಟ್ಟಿಯನ್ನು ತನ್ನ ಜಾಲತಾಣದಲ್ಲೇ ಇಟ್ಟಿದೆ. ಬೇರೆ ದೇಶದಲ್ಲಿ ಸರ್ಕಾರಿ ಹುದ್ದೆಗೋ ಪಿಎಚ್‌.ಡಿ.ಗೋ ಬಳಸುವ ಯೋಚನೆಯಿದ್ದರೆ ಆ ದೇಶದ ನಿಯಮವನ್ನು ಶುಲ್ಕ ಕಟ್ಟುವ ಮೊದಲೇ ಕೇಳಿಕೊಳ್ಳಿ.

ಪದವಿ ಮುಗಿಸಿ ನೇರವಾಗಿ ಇದಕ್ಕೆ ಸೇರಲು ಹೊರಟವರನ್ನು ನಾನು ತಡೆಯುತ್ತೇನೆ. ಅವರ ಬಳಿ ತರಲು ಸಮಸ್ಯೆಯೇ ಇರುವುದಿಲ್ಲ, ಪುಸ್ತಕದ ಹಿಂದಿನ ಅಂಕಿಗಳನ್ನು ಇಟ್ಟುಕೊಂಡು ಅಸೈನ್‌ಮೆಂಟ್ ಬರೆಯಬೇಕಾಗುತ್ತದೆ. ಎರಡು ವರ್ಷ ಕೆಲಸ ಮಾಡಿ ಬಂದರೆ ಅದೇ ಶುಲ್ಕಕ್ಕೆ ಎರಡು ಪಟ್ಟು ಕಲಿಯಬಹುದು.

ಸೇರುವುದೆಂದು ನಿರ್ಧರಿಸಿದವರು ಮೊದಲು ಮೇಲಧಿಕಾರಿಯ ಬಳಿ ಹೋಗಿ, ಕೆಲಸದ ಜಾಗದ ಅಂಕಿಅಂಶಗಳನ್ನು ಓದಿಗೆ ಬಳಸಲು ಲಿಖಿತ ಅನುಮತಿ ಕೇಳಿ. ಭಾಗದ ಸಂಖ್ಯೆ, ಗ್ರಾಹಕನ ಹೆಸರು ತೆಗೆದುಹಾಕುತ್ತೇನೆ ಎಂದು ನೀವೇ ಬರೆದುಕೊಡಿ. ನನ್ನ ಕೊನೆಯ ಪ್ರಾಜೆಕ್ಟ್ ಈ ಒಂದು ಕಾಗದಕ್ಕಾಗಿ ಎರಡು ತಿಂಗಳು ಕಾದಿತ್ತು, ಅಷ್ಟರಲ್ಲಿ ಸಲ್ಲಿಸುವ ಗಡುವು ಬಂದೇಬಿಟ್ಟಿತ್ತು. ಅನುಮತಿ ಸಿಗುವುದಿಲ್ಲ ಎಂದಾದರೆ ಅದು ಶುಲ್ಕ ಕಟ್ಟುವ ಮೊದಲೇ ತಿಳಿಯಲಿ.