ಮೊಲಿನಾ ಶೀಟ್, ಇಲ್ಲಿಯವರೆಗೆ: ವಯಸ್ಸಾದ ಕ್ಯಾಚರ್‌ನನ್ನು ಇಟ್ಟುಕೊಳ್ಳಬೇಕಾ, ಬಿಡಬೇಕಾ?

ಹಿಂದಿನ ಸಲ ಬರೆದಾಗ ಶೀಟ್‌ನಲ್ಲಿ ಹೆಸರು, ವಯಸ್ಸು ಬಿಟ್ಟು ಬೇರೇನೂ ಇರಲಿಲ್ಲ. ಈಗ ಅದಕ್ಕೊಂದು ರೂಪ ಬಂದಿದೆ. ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ: ಬೇಸ್‌ಬಾಲ್ ತಂಡವೊಂದು 35ರ ಆಸುಪಾಸಿನ ಕ್ಯಾಚರ್‌ನನ್ನು ಏನು ಮಾಡಬೇಕು ಅನ್ನೋ ಪ್ರಶ್ನೆಯನ್ನು ಹಳೆಯ ನಿಜವಾದ ಕೇಸ್‌ಗಳ ಮೇಲೆ ಆಡಿಸಿ ನೋಡುವ ಆಟ ಇದು. ನಿಯಮ ಒಂದೇ. ಒಪ್ಪಂದ ಮಾಡಿಕೊಂಡ ದಿನ ತಂಡದ ಕೈಯಲ್ಲಿ ಏನು ಮಾಹಿತಿ ಇತ್ತೋ ನನಗೂ ಅಷ್ಟೇ. ಮುಂದೇನಾಯಿತು ಅನ್ನುವ ಕಾಲಂ ಮುಚ್ಚಿಟ್ಟು ತೀರ್ಪು ಬರೆಯಬೇಕು, ಆಮೇಲೆ ತೆರೆದು ನೋಡಬೇಕು. ಗೊತ್ತಿರುವ ಕಥೆಯನ್ನು ಗೊತ್ತಿಲ್ಲದವರ ಹಾಗೆ ಓದೋದು ಕಷ್ಟವೇ, ಆದರೂ ಪ್ರಯತ್ನ.

ಕ್ಯಾಚರ್ ಅಂದರೆ ವಿಕೆಟ್ ಕೀಪರ್ ಇದ್ದ ಹಾಗೆ ಅಂತ ಹೇಳಿ ಮುಂದೆ ಹೋಗಬಹುದು. ಆದರೆ ಕೆಲಸ ಅಷ್ಟಕ್ಕೆ ಮುಗಿಯಲ್ಲ. ಪಂದ್ಯವೊಂದರಲ್ಲಿ ನೂರಕ್ಕೂ ಜಾಸ್ತಿ ಸಲ ಕುಕ್ಕರಗಾಲಲ್ಲಿ ಕೂತು ಏಳಬೇಕು. ಸೀಸನ್‌ಗೆ 162 ಪಂದ್ಯ. ಯಾವ ಬಾಲ್ ಹಾಕಬೇಕು ಅಂತ ಪಿಚರ್‌ಗೆ (ಬಾಲ್ ಎಸೆಯುವವನಿಗೆ) ಸನ್ನೆ ಮಾಡೋದೂ ಅವನೇ. ಮೊದಲು ಮಂಡಿ ಹೋಗುತ್ತದೆ, ಹಿಂದೆಯೇ ಬ್ಯಾಟಿಂಗ್. ತಲೆ ಮಾತ್ರ ವರ್ಷ ಕಳೆದಷ್ಟೂ ಚುರುಕಾಗುತ್ತದೆ. ಆ ತಲೆಗೆ ಎಷ್ಟು ದುಡ್ಡು ಕೊಡಬೇಕು ಅನ್ನೋದೇ ಜಗಳ.

ಯಾಕೆ ಮೊಲಿನಾ

ಪೋರ್ಟೊ ರಿಕೊದ ಮೂವರು ಅಣ್ಣತಮ್ಮಂದಿರು: ಬೆಂಜಿ, ಹೋಸೆ, ಯಾಡಿಯರ್. ಮೂವರೂ ಕ್ಯಾಚರ್‌ಗಳು, ಮೂವರ ಹತ್ತಿರವೂ ವರ್ಲ್ಡ್ ಸೀರೀಸ್ (ಸೀಸನ್‌ನ ಫೈನಲ್) ಗೆದ್ದವರಿಗೆ ಸಿಗುವ ಉಂಗುರ ಇದೆ. ಓಟದಲ್ಲಂತೂ ಮೂವರೂ ಅಷ್ಟಕ್ಕಷ್ಟೇ. ಇವರಿಗೆ ವಯಸ್ಸಾದಾಗ ಮೂರು ತಂಡಗಳು ಮೂರು ಬೇರೆ ಬೇರೆ ಉತ್ತರ ಕೊಟ್ಟವು. ಮೂರೇ ಜನರ ಮೇಲೆ ಸಿದ್ಧಾಂತ ಕಟ್ಟೋಕಾಗಲ್ಲ, ಗೊತ್ತು. ಆದರೆ ಇಷ್ಟು ಚೆಂದದ ಹೋಲಿಕೆ ಬೇರೆಲ್ಲಿ ಸಿಗುತ್ತೆ?

ಡೇಟಾ ಕೆಲಸ

ವರ್ಷವಾರು ಅಂಕಿಗಳಿಗೆ ಲ್ಯಾಮನ್ ಡೇಟಾಬೇಸ್. ಉಚಿತ, ಡೌನ್‌ಲೋಡ್ ಮಾಡಿ ಶೀಟ್‌ಗೆ ಸುರಿದರೆ ಆಯಿತು. ಒಂದೊಂದು ಪಂದ್ಯದ ವಿವರಕ್ಕೆ ರೆಟ್ರೊಶೀಟ್. ಕ್ಯಾಮೆರಾ ಆಧಾರಿತ ಅಳತೆಗಳು ಬೇಸ್‌ಬಾಲ್ ಸವಂತ್‌ನಲ್ಲಿ ಸಿಗುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವು ಶುರುವಾಗೋದೇ 2015ರಿಂದ. ಹಾಗಾಗಿ ಅಣ್ಣಂದಿರಿಬ್ಬರ ಸಾಲಿನಲ್ಲಿ ಆ ಕಾಲಂಗಳು ಖಾಲಿ. ಖಾಲಿ ಜಾಗಕ್ಕೆ ಅಂದಾಜು ತುಂಬುವ ಆಸೆಯಾಯಿತು, ಬೇಡ ಅಂತ ಬಿಟ್ಟೆ.

ಜಾಸ್ತಿ ಹೊತ್ತು ಹಿಡಿದದ್ದು ಬೇಸ್ ಕದಿಯುವವರ, ಅಂದರೆ ಪಿಚರ್ ಎಸೆಯುವಾಗಲೇ ಮುಂದಿನ ಬೇಸ್‌ಗೆ (ಓಟಗಾರ ನಿಲ್ಲುವ ಗುರುತಿಗೆ) ಓಡುವವರ ಕಾಲಂ. ಯಾಡಿಯರ್ ತನ್ನ ಇಡೀ ವೃತ್ತಿಯಲ್ಲಿ ನೂರಕ್ಕೆ ಸುಮಾರು 40 ಓಟಗಾರರನ್ನು ಎಸೆದು ಔಟ್ ಮಾಡಿದ. ದೊಡ್ಡ ಸಂಖ್ಯೆಯೇ. ಆದರೆ ನಿಜವಾದ ವಿಷಯ ಇರೋದು ಆ ನೂರರಲ್ಲಿ. ಅವನ ಎದುರು ಓಡುವ ಧೈರ್ಯ ಮಾಡಿದವರೇ ಕಡಿಮೆ, ಮಾಡಿದವರು ಹೆಚ್ಚಾಗಿ ಲೀಗ್‌ನ ವೇಗದ ಕಾಲುಗಳು. ಸುಮ್ನೆ ಶೇಕಡಾವಾರು ನೋಡಿದರೆ ಇದು ಕಾಣಲ್ಲ. ಎಷ್ಟು ಇನಿಂಗ್ಸ್‌ಗೆ ಎಷ್ಟು ಜನ ಓಡಲು ನೋಡಿದರು ಅಂತ ಇನ್ನೊಂದು ಕಾಲಂ ಹಾಕಿದ ಮೇಲೆ ಶೀಟ್ ಮಾತಾಡಲು ಶುರು ಮಾಡಿತು. ಹೆಸರಿನ ಹೆದರಿಕೆ ತೋಳಿಗಿಂತ ನಿಧಾನವಾಗಿ ಮುದಿಯಾಗುತ್ತದೆ.

ಬೆಂಜಿ ಸಾಲು: ಮುಗಿಯಿತು

2009ರಲ್ಲಿ ಬೆಂಜಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ 20 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದಿದ್ದ. ತಂಡ 2010ಕ್ಕೂ ಒಂದು ವರ್ಷದ ಒಪ್ಪಂದ ಮಾಡಿಕೊಂಡಿತು. ನನ್ನ ತೀರ್ಪೂ ಅದೇ ಇತ್ತು. ಆದರೆ ಮೇ ಕೊನೆಯಲ್ಲಿ ಬಸ್ಟರ್ ಪೋಸಿ ಅನ್ನೋ ಹುಡುಗ ಕೆಳಗಿನ ಲೀಗ್‌ನಿಂದ ಮೇಲಕ್ಕೆ ಬಂದ. ಹುಡುಗನ ಜಾಗ ಕ್ಯಾಚರ್ ಜಾಗ, ಆದರೆ ಬೆಂಜಿ ಇದ್ದದ್ದರಿಂದ ಫಸ್ಟ್ ಬೇಸ್‌ನಲ್ಲಿ ನಿಲ್ಲಿಸಿದರು. ಜುಲೈ ಹೊತ್ತಿಗೆ ಬೆಂಜಿಯನ್ನು ಟೆಕ್ಸಾಸ್‌ಗೆ ಕಳಿಸಿ ಜಾಗ ಖಾಲಿ ಮಾಡಿದರು. ಪೋಸಿ ಆ ವರ್ಷದ ಶ್ರೇಷ್ಠ ಹೊಸ ಆಟಗಾರನಾದ. ವರ್ಲ್ಡ್ ಸೀರೀಸ್‌ನಲ್ಲಿ ಎದುರಾದದ್ದು ಯಾರು ಅಂದರೆ ಇದೇ ಎರಡು ತಂಡಗಳು! ಜೈಂಟ್ಸ್ 4-1ರಿಂದ ಗೆದ್ದಿತು.

ಒಂದು ಅಡ್ಡಮಾತು. ಟೆಕ್ಸಾಸ್‌ಗೆ ಹೋದ ಎರಡೇ ವಾರದಲ್ಲಿ ಬಾಸ್ಟನ್‌ನಲ್ಲಿ ಬೆಂಜಿ ಒಂದೇ ಪಂದ್ಯದಲ್ಲಿ ಸಿಂಗಲ್, ಡಬಲ್, ಟ್ರಿಪಲ್ (ಒಂದು, ಎರಡು, ಮೂರು ಬೇಸ್ ಓಡಿಸುವ ಹೊಡೆತಗಳು), ಹೋಮ್ ರನ್ ನಾಲ್ಕೂ ಹೊಡೆದ. ಹೋಮ್ ರನ್ ಬಂದದ್ದು ಮೂರೂ ಬೇಸ್ ತುಂಬಿದ್ದಾಗ. ಅಷ್ಟು ನಿಧಾನದ ಮನುಷ್ಯ ಟ್ರಿಪಲ್‌ಗೆ ಓಡಿದ ಅನ್ನೋದೇ ಆ ಸಾಲಿನ ದೊಡ್ಡ ವಿಸ್ಮಯ. ಶೀಟ್‌ಗೆ ಇದರಿಂದ ಉಪಯೋಗ ಇಲ್ಲ, ಆದರೂ ಸೆಲ್‌ಗೆ ಹಳದಿ ಬಣ್ಣ ಹಚ್ಚಿದ್ದೇನೆ.

ಹೋಸೆ ಸಾಲು: ಅರ್ಧ

ಹೋಸೆ ಬ್ಯಾಟಿಂಗ್ ಯಾವತ್ತೂ ಹೇಳಿಕೊಳ್ಳುವಂಥದ್ದಲ್ಲ. ಆದರೆ ಅಂಚಿಗೆ ಬಿದ್ದ ಬಾಲನ್ನು ಅಂಪೈರ್‌ಗೆ ಸ್ಟ್ರೈಕ್ (ಸರಿಯಾದ ಜಾಗದಲ್ಲಿ ಬಂದ ಎಸೆತ) ಅನಿಸುವ ಹಾಗೆ ಹಿಡಿಯುವುದರಲ್ಲಿ ಅವನನ್ನು ಮೀರಿಸಿದವರು ಕಡಿಮೆ. ಇದಕ್ಕೆ ಫ್ರೇಮಿಂಗ್ ಅಂತಾರೆ. ಇದನ್ನು ರನ್‌ಗಳಲ್ಲಿ ಅಳೆಯಬಹುದು ಅಂತ ವಿಶ್ಲೇಷಕರು ತೋರಿಸಿದ ಕಾಲದಲ್ಲೇ ಟ್ಯಾಂಪಾ ಬೇ ರೇಸ್ ತಂಡ ಅವನನ್ನು ಕರೆದುಕೊಂಡಿತು. 2012ರ ಸೀಸನ್ ಶುರುವಾದಾಗ ಅವನಿಗೆ 36 ವಯಸ್ಸು. ಮೂರು ಸೀಸನ್ ಆಡಿಸಿದರು. 2014ರಲ್ಲಿ ಬ್ಯಾಟಿಂಗ್ ಪೂರ್ತಿ ಕೈಕೊಟ್ಟ ಮೇಲೆ ಬಿಟ್ಟರು. ಬೇರೆಯವರ ಕಣ್ಣಿಗೆ ಬೀಳದ ಗುಣಕ್ಕೆ ಕಡಿಮೆ ದುಡ್ಡು ಕೊಟ್ಟು ತಂದರು, ಸಾಕಾದಾಗ ಭಾವುಕರಾಗದೆ ಕಳಿಸಿದರು. ಲೆಕ್ಕದವರಿಗೆ ಇಷ್ಟವಾಗುವ ಕೇಸ್.

ಯಾಡಿಯರ್ ಸಾಲು: ಇಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ

ಸೇಂಟ್ ಲೂಯಿಸ್ ಕಾರ್ಡಿನಲ್ಸ್. 2004ರಿಂದ 2022ರವರೆಗೆ ಒಂದೇ ತಂಡ, ಕ್ಯಾಚರ್ ಆಗಿ 2,184 ಪಂದ್ಯ, 9 ಗೋಲ್ಡ್ ಗ್ಲೋವ್ (ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಪ್ರಶಸ್ತಿ), 2006 ಮತ್ತು 2011ರಲ್ಲಿ ವರ್ಲ್ಡ್ ಸೀರೀಸ್. ಇಂಥವನನ್ನು ಕಳಿಸುವ ಬಗ್ಗೆ ಆ ಊರಲ್ಲಿ ಬಾಯಿ ಬಿಡೋದೇ ಕಷ್ಟ.

ಮೊದಲ ತೀರ್ಮಾನ 2017ರ ಏಪ್ರಿಲ್‌ನದು. 34 ವಯಸ್ಸು, ಮುಂದಿನ ಮೂರು ಸೀಸನ್‌ಗೆ 60 ಮಿಲಿಯನ್ ಡಾಲರ್. ಎರಡು ವರ್ಷ ಸಾಕು ಅಂತ ನಾನು ಬರೆದಿದ್ದೆ. ಕಾಲಂ ತೆರೆದರೆ, 2018ರಲ್ಲಿ ತೊಡೆಸಂದಿಗೆ ಬಾಲ್ ಬಡಿದು ತುರ್ತು ಶಸ್ತ್ರಚಿಕಿತ್ಸೆ ಆಗಿ, ತಿಂಗಳಲ್ಲಿ ವಾಪಸ್ ಬಂದು, ಆ ವರ್ಷ 20 ಹೋಮ್ ರನ್, ಜೊತೆಗೆ ಗೋಲ್ಡ್ ಗ್ಲೋವ್. ಕೊನೆಯ ವರ್ಷ ಕೊಟ್ಟ ದುಡ್ಡಿಗೆ ತಕ್ಕಂತಿರಲಿಲ್ಲ, ಮೊದಲ ವರ್ಷ ಚೆನ್ನಾಗಿಯೇ ಇತ್ತು.

ಎರಡನೆಯದು 2021ರ ಸೀಸನ್‌ಗೆ, 9 ಮಿಲಿಯನ್. ಸರಿ ಅಂತ ಬರೆದೆ. ಬ್ಯಾಟಿಂಗ್ ಸರಾಸರಿ .252 ಬಂತು, ಅಂದರೆ ಸಾವಿರ ಸರದಿಗೆ 252 ಹಿಟ್. ತಂಡ ಸೆಪ್ಟೆಂಬರ್‌ನಲ್ಲಿ ಸತತ 17 ಪಂದ್ಯ ಗೆದ್ದು ಪ್ಲೇಆಫ್‌ಗೆ ಹೋಯಿತು.

ಮೂರನೆಯದು ಆ ಸೀಸನ್ ಇನ್ನೂ ನಡೆಯುತ್ತಿದ್ದಾಗಲೇ, ಆಗಸ್ಟ್‌ನಲ್ಲಿ ಆದದ್ದು. 2022ಕ್ಕೆ 10 ಮಿಲಿಯನ್, ಇದೇ ಕೊನೆ ಅಂತ ಅವನೂ ಹೇಳಿದ. ನನ್ನ ಶೀಟ್ ಬೇಡ ಅಂದಿತು. ಆದದ್ದು: .214 ಸರಾಸರಿ, 5 ಹೋಮ್ ರನ್, ಮಂಡಿ ನೋವಿನಿಂದ ವಾರಗಟ್ಟಲೆ ಹೊರಗೆ. ಶೀಟ್ ಗೆದ್ದಿತು ಅಲ್ವಾ? ಆದರೆ ಅದೇ ವರ್ಷ ತಂಡ 93 ಪಂದ್ಯ ಗೆದ್ದು ತನ್ನ ವಿಭಾಗದಲ್ಲಿ ಮೊದಲು ಬಂತು. ಸೆಪ್ಟೆಂಬರ್ 14ರಂದು ಯಾಡಿಯರ್ ಪಿಚರ್ ಆಡಂ ವೇನ್‌ರೈಟ್ ಜೊತೆ 325ನೇ ಸಲ ಪಂದ್ಯ ಶುರು ಮಾಡಿ, ಡೆಟ್ರಾಯ್ಟ್‌ನ ಮಿಕಿ ಲೋಲಿಚ್ ಮತ್ತು ಬಿಲ್ ಫ್ರೀಹನ್ ಜೋಡಿಯ ಹಳೆಯ ದಾಖಲೆ ಮುರಿದ. ಇದಕ್ಕೆ ಯಾವ ಕಾಲಂ ಹಾಕೋದು? ಸದ್ಯಕ್ಕೆ "ಲೆಕ್ಕಕ್ಕೆ ಸಿಗದ್ದು" ಅಂತ ಒಂದು ಹಾಕಿದ್ದೇನೆ, ಅದಕ್ಕೆ ಅಂಕಿ ಕೊಟ್ಟಿಲ್ಲ, ಕೊಡುವುದೂ ಇಲ್ಲ.

ಆಮೇಲೆ 2023. ವಿಲ್ಸನ್ ಕಾಂಟ್ರೆರಾಸ್‌ನನ್ನು ಐದು ವರ್ಷಕ್ಕೆ 87.5 ಮಿಲಿಯನ್ ಕೊಟ್ಟು ತಂದರು. ಮೇ ತಿಂಗಳಲ್ಲೇ ಅವನನ್ನು ಕೆಲವು ದಿನ ಕ್ಯಾಚರ್ ಜಾಗದಿಂದ ಸರಿಸಿದರು. ತಂಡ 71 ಗೆದ್ದು 91 ಸೋತು ವಿಭಾಗದಲ್ಲಿ ಕೊನೆಗೆ ಇಳಿಯಿತು. ವೇನ್‌ರೈಟ್ ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಡುವ ರನ್‌ಗಳ ಸರಾಸರಿ 2021ರಲ್ಲಿ 3.05 ಇದ್ದದ್ದು 7.40ಕ್ಕೆ ಹೋಯಿತು. ಮೊಲಿನಾ ಹೋದ, ತಂಡ ಕುಸಿಯಿತು ಅಂತ ಗ್ರಾಫ್ ಹಾಕಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನಾನು ಹಾಕಲ್ಲ. ವೇನ್‌ರೈಟ್‌ಗೇ ಆಗ 41 ದಾಟಿತ್ತು, ಉಳಿದ ಪಿಚರ್‌ಗಳೂ ಹೊಡೆಸಿಕೊಳ್ಳುತ್ತಿದ್ದರು. ಕಾಂಟ್ರೆರಾಸ್ ಮೇಲೆ ತಪ್ಪು ಹೊರಿಸಿದ್ದು ನನಗಂತೂ ಅನ್ಯಾಯ ಅನಿಸಿತು.

ಹೊಸ ಕಾಲಂ

ಈ ಮೂರು ಸಾಲು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕಂಡದ್ದು, ನಾವೆಲ್ಲ ಮುದಿ ಕ್ಯಾಚರ್‌ನ ಅಂಕಿಗಳನ್ನೇ ಕೆದಕುತ್ತೇವೆ, ಅವನ ಹಿಂದೆ ಕಾಯುತ್ತಿರುವವನನ್ನು ನೋಡಲ್ಲ. ಬೆಂಜಿ 2010ರಲ್ಲಿ ಪೋಸಿ ಬರುವ ಮೊದಲೂ ಅದೇ ಬೆಂಜಿ, ಬಂದ ಮೇಲೂ ಅದೇ ಬೆಂಜಿ. ಬದಲಾದದ್ದು ಪಕ್ಕದ ಸೆಲ್ ಮಾತ್ರ.

ಯಾಡಿಯರ್ ಹಿಂದೆ ಕಾರ್ಸನ್ ಕೆಲ್ಲಿ ಇದ್ದ. ಎಲ್ಲರೂ ಮುಂದಿನ ಕ್ಯಾಚರ್ ಅಂತ ಕರೆದವನು. ಜಾಗ ಖಾಲಿಯಾಗಲಿಲ್ಲ. ಹಾಗಂತ ಬೆಂಚಲ್ಲಿ ಕೂರಿಸಿ ಕೊಳೆಸಲಿಲ್ಲ, 2018ರ ಡಿಸೆಂಬರ್‌ನಲ್ಲಿ ಇನ್ನು ಕೆಲವರ ಜೊತೆ ಅರಿಜೋನಾಗೆ ಕೊಟ್ಟು ಪಾಲ್ ಗೋಲ್ಡ್‌ಸ್ಮಿತ್‌ನನ್ನು ತಂದರು. ಗೋಲ್ಡ್‌ಸ್ಮಿತ್ 2022ರಲ್ಲಿ ನ್ಯಾಷನಲ್ ಲೀಗ್‌ನ ಅತ್ಯಮೂಲ್ಯ ಆಟಗಾರ. ಅಂದರೆ 60 ಮಿಲಿಯನ್‌ನ ಒಪ್ಪಂದಕ್ಕೆ ಈ ಲಾಭವನ್ನೂ ಸ್ವಲ್ಪ ಸೇರಿಸಬೇಕು. ಆದರೆ ಕೆಲ್ಲಿ ಹೋದ ಮೇಲೆ ಹಿಂದಿನ ಜಾಗ ಬರಿದಾಯಿತು. 2021ರ ಆಗಸ್ಟ್‌ನಲ್ಲಿ ಅಲ್ಲಿದ್ದದ್ದು ಆಂಡ್ರ್ಯೂ ನಿಜ್ನರ್, ಬದಲಿ ಆಟಗಾರ. ಹೀಗಿರುವಾಗ ಇನ್ನೊಂದು ವರ್ಷ ಇಟ್ಟುಕೊಂಡದ್ದು ತಪ್ಪಲ್ಲ. 2022ರ ತೀರ್ಪನ್ನು "ಬೇಡ"ದಿಂದ "ಸರಿ, ಆದರೆ ವಾರಕ್ಕೆ ಮೂರೇ ಪಂದ್ಯ" ಅಂತ ಬದಲಾಯಿಸಿದ್ದೇನೆ. ನಿಯಮ ಮುರಿದಿಲ್ಲ, ನಿಜ್ನರ್ ಯಾರು ಅಂತ ಆಗಲೂ ಎಲ್ಲರಿಗೂ ಗೊತ್ತಿತ್ತು.

ಮುಂದಿನ ಕೆಲಸ

ಮೊದಲನೆಯದು ಹೋಸೆ ಸಾಲಿನ ಮರುಲೆಕ್ಕ. 2026ರಿಂದ ಅಂಪೈರ್ ಕೊಟ್ಟ ಬಾಲ್, ಸ್ಟ್ರೈಕ್ ತೀರ್ಪನ್ನು ಆಟಗಾರರು ಪ್ರಶ್ನಿಸಬಹುದು, ಉತ್ತರ ಕೊಡೋದು ಯಂತ್ರ. ಪ್ರಶ್ನೆಗಳಿಗೆ ಮಿತಿ ಇರೋದರಿಂದ ಫ್ರೇಮಿಂಗ್ ಪೂರ್ತಿ ಸಾಯಲ್ಲ, ಆದರೆ ಅದರ ಬೆಲೆ ಇಳಿಯಲೇಬೇಕು. ಕೈಚಳಕವನ್ನೇ ನಂಬಿ 38ರವರೆಗೆ ಆಡುವವರ ಕಾಲ ಮುಗಿಯಿತಾ ಅಂತ ನೋಡಬೇಕು.

ಎರಡನೆಯದು ಇನ್ನೂ ಉತ್ತರ ಬರದ ಕೇಸ್. ಕನ್ಸಾಸ್ ಸಿಟಿ ರಾಯಲ್ಸ್‌ನ ಸಾಲ್ವಡಾರ್ ಪೆರೆಜ್ ಹುಟ್ಟಿದ್ದು 1990ರ ಮೇನಲ್ಲಿ. 2025ರಲ್ಲಿ 30 ಹೋಮ್ ರನ್ ಹೊಡೆದ, ಸರಾಸರಿ ಮಾತ್ರ .236. ತಂಡ ಇನ್ನೆರಡು ವರ್ಷಕ್ಕೆ 25 ಮಿಲಿಯನ್ ಕೊಟ್ಟಿದೆ. ಪಕ್ಕದ ಸೆಲ್‌ನಲ್ಲಿ ಅದೇ ಊರಲ್ಲಿ ಹುಟ್ಟಿದ ಕಾರ್ಟರ್ ಜೆನ್ಸನ್, 2025ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ದೊಡ್ಡ ಲೀಗ್‌ಗೆ ಬಂದ ಕ್ಯಾಚರ್. ಪೆರೆಜ್‌ನನ್ನು ಅರ್ಧದಷ್ಟು ಪಂದ್ಯಗಳಲ್ಲಿ ಬರೀ ಬ್ಯಾಟಿಂಗ್‌ಗೆ ಇಟ್ಟು, ಉಳಿದವುಗಳಲ್ಲಿ ಕ್ಯಾಚರ್ ಮಾಡಿಸಿದರೆ ಇಬ್ಬರಿಗೂ ಜಾಗ ಆಗುತ್ತದೆ. ನನ್ನ ತೀರ್ಪು ಬರೆದಾಗಿದೆ: ಇಟ್ಟುಕೊಳ್ಳಿ, ಆದರೆ ಎರಡನೇ ವರ್ಷ ಮಾಸ್ಕ್ ಜಾಸ್ತಿ ದಿನ ಜೆನ್ಸನ್ ಹಾಕಲಿ. ಪಕ್ಕದ ಕಾಲಂ ಸದ್ಯಕ್ಕೆ ನನಗೂ ಮುಚ್ಚಿದೆ.